ಕೀಲಿ ತಿರುಗಿಸಿದ ಮೇಲೆ ಎಷ್ಟು ಹೊತ್ತು? ಕಾರು ಸ್ಟಾರ್ಟ್ ಆಗುವುದರ ಇತಿಹಾಸ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಸ್ವಲ್ಪ ಅವಸರದಲ್ಲಿ ಹೇಳಿದ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಬಿಡಿಸಿದ್ದೇನೆ.

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಬಟನ್ ಒತ್ತಿದ ಕ್ಷಣದಿಂದ ಕಾರು ಹೊರಡೋಕೆ ಸಿದ್ಧ ಆಗೋವರೆಗೆ ಎಷ್ಟು ಹೊತ್ತು ಬೇಕು? ಇವತ್ತಿನ ಪೆಟ್ರೋಲ್ ಕಾರಿಗೆ ಸುಮಾರು ಒಂದು ಸೆಕೆಂಡು. 1970ರ ದಶಕದ ಡೀಸೆಲ್ ಕಾರಿಗೆ ಚಳಿ ದಿನದಲ್ಲಿ ಒಂದು ನಿಮಿಷದ ಹತ್ತಿರ. 1905ರ ಸ್ಟೀಮ್ ಕಾರಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ. ಹಾಗಾದ್ರೆ 1900ರ ಎಲೆಕ್ಟ್ರಿಕ್ ಕಾರಿಗೆ? ಸೊನ್ನೆ. ಹತ್ತಿ ಕೂತು ಲಿವರ್ ತಳ್ಳಿದರೆ ಹೊರಟಿತು. ಅಂದ್ರೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ಚುರುಕು! ಹಾಗಿದ್ದೂ ಅದು ಯಾಕೆ ಸೋತಿತು ಅನ್ನೋದೇ ಇವತ್ತಿನ ಕಥೆಯ ಅರ್ಧ ಭಾಗ.

ನಾನು ಓದಿದ್ದು ಮೆಕ್ಯಾನಿಕಲ್ ಅಲ್ಲ, ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್. ಕೆಲಸ ಪುಣೆಯಲ್ಲಿ. ಆದರೆ "ಕೋಲ್ಡ್ ಸ್ಟಾರ್ಟ್" ಅನ್ನೋ ಮಾತು ನಮ್ಮ ಆಫೀಸಲ್ಲೂ ದಿನಾ ಓಡಾಡುತ್ತೆ. ಮಲಗಿರೋ ಸರ್ವರ್‌ಗೆ ಮೊದಲ ರಿಕ್ವೆಸ್ಟ್ ಬಂದಾಗ ಅದು ಎದ್ದು ಕೂರೋಕೆ ಹೊತ್ತು ಬೇಕು, ಆ ಹೊತ್ತು ಯಾರೋ ಕಾಯಬೇಕು. ಎಂಜಿನ್‌ದೂ ಇದೇ ಕಥೆ. ಮೊದಲ ಹೊಡೆತಕ್ಕೆ ಮುಂಚೆ ಏನೇನು ಸಿದ್ಧ ಆಗಿರಬೇಕು ಅನ್ನೋದು ಒಂದೊಂದು ಎಂಜಿನ್‌ಗೆ ಒಂದೊಂದು ಥರ. ಆ ಸಿದ್ಧತೆಯ ಕಷ್ಟ ಯಾರ ಪಾಲಿಗೆ ಬಂತು ಅಂತ ನೋಡುತ್ತಾ ಹೋದ್ರೆ ಕಾರಿನ ಚರಿತ್ರೆ ಬೇರೆಯೇ ಥರ ಕಾಣುತ್ತೆ.

ನೀರು ಕುದಿಯುವವರೆಗೆ

1900ರ ಅಮೆರಿಕಕ್ಕೆ ಹೋಗೋಣ. ಆ ವರ್ಷದ ಲೆಕ್ಕದಲ್ಲಿ ಅಲ್ಲಿ ತಯಾರಾದ ಕಾರುಗಳು ಸುಮಾರು 4,200. ಅದರಲ್ಲಿ ಸ್ಟೀಮ್‌ದು 1,681, ಎಲೆಕ್ಟ್ರಿಕ್ 1,575, ಪೆಟ್ರೋಲ್ ಬರೀ 936. ಪೆಟ್ರೋಲ್ ಕೊನೇ ಸ್ಥಾನದಲ್ಲಿತ್ತು.

ಸ್ಟೀಮ್ ಕಾರುಗಳಲ್ಲಿ ದೊಡ್ಡ ಹೆಸರು ಸ್ಟಾನ್ಲಿ. ಫ್ರಾನ್ಸಿಸ್ ಮತ್ತು ಫ್ರೀಲನ್ ಅನ್ನೋ ಅವಳಿ ಸಹೋದರರು ಕಟ್ಟಿದ ಕಂಪನಿ. ಕ್ಲಚ್ ಇಲ್ಲ, ಗೇರ್ ಬದಲಿಸೋ ಗೋಜಿಲ್ಲ, ಸದ್ದೂ ಕಡಿಮೆ. ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುತ್ತಿತ್ತು. 1906ರ ಜನವರಿಯಲ್ಲಿ ಫ್ರೆಡ್ ಮ್ಯಾರಿಯಟ್ ಫ್ಲೋರಿಡಾದ ಕಡಲತೀರದಲ್ಲಿ ಸ್ಟಾನ್ಲಿ ರೇಸ್ ಕಾರನ್ನು ಗಂಟೆಗೆ 127 ಮೈಲಿ, ಅಂದ್ರೆ 200 ಕಿಲೋಮೀಟರ್ ದಾಟಿ ಓಡಿಸಿ ವಿಶ್ವದಾಖಲೆ ಮಾಡಿದ. ವೇಗದಲ್ಲಿ ಸ್ಟೀಮ್‌ಗೆ ಕೊರತೆ ಇರಲೇ ಇಲ್ಲ.

ಕೊರತೆ ಇದ್ದದ್ದು ಬೆಳಗ್ಗೆ. ಮೊದಲು ಪೈಲಟ್ ಬರ್ನರನ್ನು ಟಾರ್ಚ್ ಹಿಡಿದು ಬಿಸಿ ಮಾಡಬೇಕು. ಅದು ಕಾದು ಇಂಧನ ಆವಿಯಾಗಲು ಶುರುವಾದ ಮೇಲೆ ದೊಡ್ಡ ಬರ್ನರ್ ಹೊತ್ತಿಸಬೇಕು. ಆಮೇಲೆ ಬಾಯ್ಲರ್ ನೀರು ಕುದಿದು ಒತ್ತಡ ಏರೋವರೆಗೆ ಕಾಯಬೇಕು. ಬಚ್ಚಲ ಹಂಡೆಗೆ ಉರಿ ಹಾಕಿದವರಿಗೆ ಇದು ಗೊತ್ತು: ನೀರಿಗೆ ಅವಸರ ಮಾಡೋಕಾಗಲ್ಲ. ನಿಮ್ಮ ತುರ್ತು ಏನೇ ಇರಲಿ, ಇಷ್ಟು ಲೀಟರ್ ನೀರಿಗೆ ಇಷ್ಟು ಶಾಖ ಬೇಕೇ ಬೇಕು.

ಕಡಿಮೆ ನೀರನ್ನು ಒಂದೇ ಸಲ ಕುದಿಸಿದರೆ ಹೇಗೆ? ಈ ಯೋಚನೆಯನ್ನು ಕಾರಿನಲ್ಲಿ ಅತಿ ಚೆನ್ನಾಗಿ ಮಾಡಿ ತೋರಿಸಿದವನು ಅಬ್ನರ್ ಡೋಬಲ್. 1920ರ ದಶಕದ ಅವನ ಕಾರಿನಲ್ಲಿ ದೊಡ್ಡ ಹಂಡೆಯ ಬದಲು ಉದ್ದನೆಯ ಸುರುಳಿ ಕೊಳವೆ ಇತ್ತು. ಉರಿ ಹೊತ್ತಿಸೋದು ಕೂಡ ವಿದ್ಯುತ್ತಿನಿಂದ. ತಣ್ಣಗಿದ್ದ ಕಾರು ಸುಮಾರು ಒಂದು ನಿಮಿಷದೊಳಗೆ ಹೊರಡುತ್ತಿತ್ತು. ಸಮಸ್ಯೆ ಬಗೆಹರಿಯಿತು, ಆದರೆ ತಡವಾಗಿ, ತುಂಬಾ ದುಬಾರಿಯಾಗಿ. ಡೋಬಲ್ ಕಾರಿನ ಬೆಲೆ ಸಾವಿರಗಟ್ಟಲೆ ಡಾಲರ್. ಅದೇ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ 300 ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿತ್ತು. ಸ್ಟಾನ್ಲಿ ಕಂಪನಿ 1924ರಲ್ಲಿ ಮುಚ್ಚಿತು, ಡೋಬಲ್ 1931ರಲ್ಲಿ. ಬಾಕಿ ಇದ್ದ ಬಗ್ ಸರಿ ಮಾಡಿ ರಿಲೀಸ್ ಮಾಡೋ ಹೊತ್ತಿಗೆ ಗಿರಾಕಿ ಬೇರೆ ಕಡೆ ಹೋಗಿಯಾಗಿತ್ತು.

ಮಣಿಕಟ್ಟಿನ ಬೆಲೆ

ಪೆಟ್ರೋಲ್ ಎಂಜಿನ್‌ಗೆ ನೀರು ಕಾಯಿಸುವ ಕೆಲಸ ಇಲ್ಲ. ಅದಕ್ಕೆ ಬೇರೆಯೇ ಒಂದು ಕಷ್ಟ: ತಾನಾಗಿ ತಿರುಗೋಕೆ ಬರಲ್ಲ. ಗಾಳಿ ಎಳೆದುಕೊಳ್ಳಬೇಕು, ಒತ್ತಬೇಕು, ಆಮೇಲೆ ಕಿಡಿ. ಆ ಮೊದಲ ಎರಡು ಸುತ್ತನ್ನು ಯಾರಾದರೂ ಹೊರಗಿನಿಂದ ತಿರುಗಿಸಿ ಕೊಡಬೇಕು. ಕಾರ್ಲ್ ಬೆಂಜ್‌ನ 1886ರ ಬಂಡಿಯಲ್ಲಿ ಹಿಂದೆ ಅಡ್ಡಡ್ಡವಾಗಿದ್ದ ದೊಡ್ಡ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಆಮೇಲೆ ಕಾರಿನ ಮುಂಭಾಗದ ತೂತಿಗೆ ಹಾಕೋ ಹ್ಯಾಂಡಲ್ ಬಂತು. ನಮ್ಮ ಅಂಬಾಸಡರ್ ಕಾರಿಗೂ ಅಂಥದ್ದೇ ಹ್ಯಾಂಡಲ್ ಇತ್ತು, ಬ್ಯಾಟರಿ ಕೈಕೊಟ್ಟಾಗ ಆಪದ್ಬಾಂಧವ.

ಅದು ಬರೀ ತೋಳ್ಬಲದ ಪ್ರಶ್ನೆ ಆಗಿರಲಿಲ್ಲ. ಪಿಸ್ಟನ್ ಮೇಲೆ ಬರುವ ಮುಂಚೆಯೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತೆ. ಕೈಯಲ್ಲಿರೋ ಕಬ್ಬಿಣದ ಹ್ಯಾಂಡಲ್ ತಿರುಗಿ ಬಂದು ಮಣಿಕಟ್ಟಿಗೆ ಬಡಿಯುತ್ತೆ. ಆದ್ದರಿಂದ ಮೊದಲು ಕಿಡಿಯನ್ನು ತಡಮಾಡುವ ಲಿವರ್ ಸರಿಮಾಡಬೇಕು, ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತಬಾರದು, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು. ಇಷ್ಟು ಎಚ್ಚರ ವಹಿಸಿದರೂ ಕೈ ಮುರಿಯುತ್ತಿತ್ತು. ಎಷ್ಟರ ಮಟ್ಟಿಗೆ ಅಂದ್ರೆ ಮಣಿಕಟ್ಟಿನ ಹತ್ತಿರದ ಒಂದು ಬಗೆಯ ಮೂಳೆಮುರಿತಕ್ಕೆ ವೈದ್ಯರು ಇವತ್ತಿಗೂ "ಶೋಫರ್ ಫ್ರ್ಯಾಕ್ಚರ್" ಅಂತಲೇ ಹೇಳ್ತಾರೆ. ಶೋಫರ್ ಅಂದ್ರೆ ಕಾರಿನ ಚಾಲಕ. ಮೂಲ ಫ್ರೆಂಚ್ ಪದದ ಅರ್ಥ "ಬಿಸಿ ಮಾಡುವವನು".

ಹಾಗಾಗಿ ಆ ಕಾಲದಲ್ಲಿ ಸ್ವಂತವಾಗಿ ಕಾರು ಓಡಿಸಬಯಸಿದ ಅನೇಕ ಶ್ರೀಮಂತ ಮಹಿಳೆಯರು ಎಲೆಕ್ಟ್ರಿಕ್ ಕಾರನ್ನೇ ಆರಿಸಿದರು. ಹೆನ್ರಿ ಫೋರ್ಡ್ ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾರುತ್ತಿದ್ದಾಗ ಅವನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯ್ಟ್ ಎಲೆಕ್ಟ್ರಿಕ್!

ಎಲೆಕ್ಟ್ರಿಕ್ ಕಾರನ್ನು ಸೋಲಿಸಿದ ಎಲೆಕ್ಟ್ರಿಕ್ ಮೋಟರ್

ಇಲ್ಲಿ ಬರ್ತಾನೆ ಚಾರ್ಲ್ಸ್ ಕೆಟರಿಂಗ್. ಒಹಾಯೋದ ಡೇಟನ್ ಊರಿನಲ್ಲಿ, ಅಂಗಡಿಗಳ ಕ್ಯಾಶ್ ರಿಜಿಸ್ಟರ್ ತಯಾರಿಸುವ ಎನ್‌ಸಿಆರ್ ಕಂಪನಿಯಲ್ಲಿ ಮೊದಲು ಕೆಲಸ ಮಾಡಿದ್ದವನು. ಅಲ್ಲಿ ಗಲ್ಲಾಪೆಟ್ಟಿಗೆಯನ್ನು ನಡೆಸಲು ಅವನು ಒಂದು ಪುಟ್ಟ ಮೋಟರ್ ಅಳವಡಿಸಿದ್ದ. ಆ ಮೋಟರ್ ಇಡೀ ದಿನ ಓಡಬೇಕಿಲ್ಲ. ಒಂದೆರಡು ಸೆಕೆಂಡು ಜೋರಾಗಿ ಎಳೆದು ಸುಮ್ಮನಾದರೆ ಸಾಕು.

ಕಾರಿನ ಎಂಜಿನ್ ತಿರುಗಿಸಬಲ್ಲ ಮೋಟರ್ ಮತ್ತು ಬ್ಯಾಟರಿ ಕಾರಿನಷ್ಟೇ ಭಾರ ಆಗುತ್ತೆ ಅನ್ನೋದು ಆಗಿನ ಆಕ್ಷೇಪ. ನಿರಂತರ ಓಡುವ ಮೋಟರ್ ಲೆಕ್ಕ ಹಿಡಿದರೆ ಆ ಆಕ್ಷೇಪ ಸರಿಯೇ. ಕೆಟರಿಂಗ್ ಲೆಕ್ಕ ಹಾಕಿದ್ದು ಕ್ಷಣಕಾಲದ ಹೊರೆಯನ್ನು. ಸಣ್ಣ ಮೋಟರ್‌ಗೆ ಅದರ ಯೋಗ್ಯತೆಗಿಂತ ಹೆಚ್ಚು ಕರೆಂಟು ಕೊಟ್ಟರೂ, ಬಿಸಿಯಾಗಿ ಸುಡೋದಕ್ಕೆ ಮುಂಚೆ ಕೆಲಸ ಮುಗಿದಿರುತ್ತೆ. ಆಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿ ತುಂಬುತ್ತೆ. ಸರ್ವರ್ ಸೈಜಿಂಗ್ ಮಾಡಿದವರಿಗೆ ಇದರ ಸೊಗಸು ಬೇರೆ ಹೇಳಬೇಕಿಲ್ಲ.

1912ರ ಮಾಡೆಲ್ ಕ್ಯಾಡಿಲಾಕ್ ಕಾರುಗಳಲ್ಲಿ ಈ ಸೆಲ್ಫ್ ಸ್ಟಾರ್ಟರ್ ಬಂತು. ಮಾಡೆಲ್ ಟಿಗೂ 1919ರಲ್ಲಿ ಸೇರಿತು. ಹ್ಯಾಂಡಲ್ ಹೋಯಿತು, ಅದರ ಜೊತೆಗೆ ಎಲೆಕ್ಟ್ರಿಕ್ ಕಾರಿನ ದೊಡ್ಡ ಆಕರ್ಷಣೆಯೂ ಹೋಯಿತು. ದೂರ ಓಡದಿರುವುದು, ಬೆಲೆ, ಅಗ್ಗದ ಪೆಟ್ರೋಲ್, ಇವೆಲ್ಲ ಕಾರಣಗಳೂ ಸೇರಿದ್ದವು, ನಿಜ. ಆದರೂ ನೋಡಿ, ಪೆಟ್ರೋಲ್ ಗೆದ್ದದ್ದು ಎದುರಾಳಿಯ ಬ್ಯಾಟರಿ, ಮೋಟರ್‌ಗಳನ್ನೇ ಕಡ ತಗೊಂಡು.

ಡೀಸೆಲ್‌ಗಾಗಿ ಒಂದು ನಿಮಿಷ ಮೌನ

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತು ಪಟ್ಟು ಒತ್ತಿದಾಗ ಅದು ಕೆಂಡದಂತೆ ಕಾಯುತ್ತೆ, ಆಗ ಚಿಮುಕಿಸಿದ ಇಂಧನ ತಾನಾಗಿ ಹೊತ್ತಿಕೊಳ್ಳುತ್ತೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇದನ್ನು ಮಾಡಿ ತೋರಿಸಿದ. ಅಷ್ಟು ಒತ್ತಡಕ್ಕೆ ವಿರುದ್ಧವಾಗಿ ತಿರುಗಿಸೋದು ಎಷ್ಟು ಕಷ್ಟ ಅಂತ ಊರಲ್ಲಿ ಡೀಸೆಲ್ ಪಂಪ್‌ಸೆಟ್ ಕಂಡವರಿಗೆ ಗೊತ್ತು. ಒಂದು ಲಿವರ್ ಎತ್ತಿ ವಾಲ್ವ್ ತೆರೆದಿಟ್ಟು, ಚಕ್ರಕ್ಕೆ ಚೆನ್ನಾಗಿ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಮಾತ್ರ ಅದು ಡಬ್ ಡಬ್ ಅನ್ನುತ್ತೆ.

ಕಾರಿಗೆ ಬಂದಾಗ ಇನ್ನೊಂದು ತೊಡಕು. 1936ರ ಮರ್ಸಿಡಿಸ್ 260 ಡಿ ಮಾರಾಟಕ್ಕೆ ಬಂದ ಮೊದಲ ಡೀಸೆಲ್ ಕಾರುಗಳಲ್ಲಿ ಒಂದು. ಸದ್ದು, ಅದುರಾಟ ಕಡಿಮೆ ಆಗಲಿ ಅಂತ ಇಂಥ ಎಂಜಿನ್‌ಗಳಲ್ಲಿ ಇಂಧನವನ್ನು ಮೊದಲು ಒಂದು ಪುಟ್ಟ ಕೋಣೆಗೆ ಚಿಮುಕಿಸುತ್ತಿದ್ದರು. ಆ ಕೋಣೆಯ ತಣ್ಣನೆ ಗೋಡೆಗಳು ಒತ್ತಿದ ಗಾಳಿಯ ಬಿಸಿಯನ್ನೆಲ್ಲ ಹೀರಿಬಿಡುತ್ತಿದ್ದವು. ಅದಕ್ಕೇ ಗ್ಲೋ ಪ್ಲಗ್. ಕೀಲಿ ಅರ್ಧ ತಿರುಗಿಸಿ, ಅದು ಕೆಂಪಗೆ ಕಾಯುವವರೆಗೆ ಸುಮ್ಮನೆ ಕೂರಬೇಕು. ಜರ್ಮನ್ನರು ಇದಕ್ಕೆ ಕೊಟ್ಟ ಹೆಸರು "ರುಡಾಲ್ಫ್ ಡೀಸೆಲ್ ಸ್ಮರಣೆಯ ಒಂದು ನಿಮಿಷ". ಡ್ಯಾಶ್‌ಬೋರ್ಡ್‌ನಲ್ಲಿ ಮೂಡುವ ಹಳದಿ ಸುರುಳಿ ಚಿಹ್ನೆ ಆ ಮೌನದ ಉಳಿಕೆ. ಬೇಗ ಕಾಯುವ ಪ್ಲಗ್‌ಗಳು, ಇಂಧನವನ್ನು ನೇರ ಸಿಲಿಂಡರ್‌ಗೇ ಚಿಮುಕಿಸುವ ವಿಧಾನ, 1997ರಲ್ಲಿ ಆಲ್ಫಾ ರೋಮಿಯೋ ಕಾರಿನಲ್ಲಿ ಬಂದ ಕಾಮನ್ ರೈಲ್, ಇವೆಲ್ಲ ಸೇರಿ ಆ ನಿಮಿಷ ಈಗ ಒಂದೆರಡು ಸೆಕೆಂಡಿಗೆ ಇಳಿದಿದೆ. ಬೆಂಗಳೂರಿನ ಮೈಕೋ ಲೇಔಟ್ ನೆನಪಾಯಿತಾ? ಆಡುಗೋಡಿಯ ಆ ಮೈಕೋ ಕಂಪನಿ, ಇವತ್ತಿನ ಬಾಷ್, ಹೆಸರು ಮಾಡಿದ್ದೇ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್‌ಗಳಿಂದ.

ಒಂದು ಸೆಕೆಂಡಿನ ಒಳಗೆ

ಇವತ್ತಿನ ಪೆಟ್ರೋಲ್ ಎಂಜಿನ್ ಲೆಕ್ಕ ನೋಡೋಣ. ಸ್ಟಾರ್ಟರ್ ಅದನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತೆ ಅಂದುಕೊಳ್ಳಿ. ಒಂದು ಸುತ್ತಿಗೆ 0.3 ಸೆಕೆಂಡು. ಫೋರ್ ಸ್ಟ್ರೋಕ್ ಆವರ್ತನೆಗೆ ಎರಡು ಸುತ್ತು, 0.6 ಸೆಕೆಂಡು. ಅಷ್ಟರೊಳಗೆ ಇಸಿಯು ಹಲ್ಲಿನ ಚಕ್ರವನ್ನು ಓದಿ, ಬೇಕಂತಲೇ ಹಲ್ಲು ಬಿಟ್ಟಿರುವ ಜಾಗ ಗುರುತಿಸಿ, ಯಾವ ಪಿಸ್ಟನ್ ಎಲ್ಲಿದೆ ಅಂತ ತಿಳಿದು ಕಿಡಿ ಹಾರಿಸಬೇಕು. ಹಳೇ ಕಾರ್ಬ್ಯುರೇಟರ್ ಕಾರಿನಲ್ಲಿ ಚೋಕ್ ಎಳೆದು ಅಂದಾಜಿನ ಮೇಲೆ ಮಾಡುತ್ತಿದ್ದ ಕೆಲಸ ಈಗ ಕೋಡ್ ಮಾಡುತ್ತೆ. ಮಜ್ದಾ ಕಂಪನಿ ಇನ್ನೂ ಮುಂದೆ ಹೋಯಿತು. ಸಿಗ್ನಲ್‌ನಲ್ಲಿ ಎಂಜಿನ್ ಆರಿಸುವಾಗಲೇ ಪಿಸ್ಟನ್‌ಗಳನ್ನು ಅನುಕೂಲದ ಜಾಗದಲ್ಲಿ ನಿಲ್ಲಿಸಿ, ಸುಮಾರು 0.35 ಸೆಕೆಂಡಿನಲ್ಲಿ ಮತ್ತೆ ಹೊತ್ತಿಸುವಂತೆ ಮಾಡಿತು. 1997ರ ಟೊಯೋಟಾ ಪ್ರಿಯಸ್‌ನಲ್ಲಂತೂ ಬೇರೆ ಸ್ಟಾರ್ಟರ್ರೇ ಇಲ್ಲ. ಹೈಬ್ರಿಡ್ ಮೋಟರೇ ಎಂಜಿನ್ನನ್ನು ಎಬ್ಬಿಸುತ್ತೆ. ಕೆಟರಿಂಗ್‌ನ ಆ ಪುಟ್ಟ ಮೋಟರ್ ಬೆಳೆದು ಕಾರನ್ನೇ ಎಳೆಯತೊಡಗಿತು. 2001ರಲ್ಲಿ ಬೆಂಗಳೂರಿನ ರೇವಾ ಬಂದಾಗ ನಾವು ಮತ್ತೆ ಆ ಸೊನ್ನೆ ಸೆಕೆಂಡಿಗೆ ತಲುಪಿದ್ದೆವು.

ಕಾಯುವಿಕೆ ಎಲ್ಲಿಗೆ ಹೋಯಿತು?

ಹಾಗಾದ್ರೆ ಸಮಸ್ಯೆ ಮುಗಿಯಿತಾ? ನನ್ನ ಪ್ರಕಾರ ಇಲ್ಲ. ಕಾಯುವಿಕೆ ಜಾಗ ಬದಲಿಸಿದೆ ಅಷ್ಟೇ. ಸ್ಟೀಮ್‌ನಲ್ಲಿ ಅದು ಚಾಲಕನ ಅರ್ಧ ಗಂಟೆ, ಹ್ಯಾಂಡಲ್‌ನಲ್ಲಿ ಅವನ ಮಣಿಕಟ್ಟು. ಎಲೆಕ್ಟ್ರಿಕ್‌ನಲ್ಲಿ ಚಾರ್ಜರ್ ಹತ್ತಿರದ ಹೊತ್ತು.

ಇವತ್ತಿನ ಪೆಟ್ರೋಲ್ ಕಾರಿನಲ್ಲಿ? ಎಂಜಿನ್ ಒಂದು ಸೆಕೆಂಡಿನಲ್ಲಿ ಎದ್ದರೂ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಏಳುವುದಿಲ್ಲ. ಅದು ಸುಮಾರು 250ರಿಂದ 300 ಡಿಗ್ರಿಗೆ ಕಾದ ಮೇಲಷ್ಟೇ ಸರಿಯಾಗಿ ಕೆಲಸ ಶುರು ಮಾಡೋದು. ಆದ್ದರಿಂದ ಒಂದು ಸಣ್ಣ ಪ್ರಯಾಣದ ವಿಷದ ಹೊಗೆಯಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ನಿಮಿಷದಲ್ಲೇ ಹೊರಬೀಳುತ್ತೆ. ಆ ಕಾಯುವಿಕೆ ಈಗ ಬೇಸ್‌ಮೆಂಟ್ ಪಾರ್ಕಿಂಗ್‌ನ ವಾಚ್‌ಮನ್ ಅಣ್ಣನ, ಶಾಲಾ ಬಸ್ಸಿಗೆ ನಿಂತ ಮಕ್ಕಳ ಶ್ವಾಸಕೋಶದಲ್ಲಿದೆ.

ಮಾಡಬಹುದಾದ್ದು ಸುಲಭ. ಬೆಳಗ್ಗೆ ನಿಂತಲ್ಲೇ ಐದು ನಿಮಿಷ ಎಂಜಿನ್ ಬಿಸಿ ಮಾಡಬೇಡಿ. ಸ್ಟಾರ್ಟ್ ಮಾಡಿ, ಕೆಲವು ಸೆಕೆಂಡು ಬಿಟ್ಟು, ಮೆಲ್ಲಗೆ ಹೊರಡಿ. ಓಡುವಾಗ ಎಂಜಿನ್ನೂ ಕನ್ವರ್ಟರೂ ಬೇಗ ಕಾಯುತ್ತವೆ. ತರಕಾರಿ ಅಂಗಡಿ ಅರ್ಧ ಕಿಲೋಮೀಟರ್ ದೂರದಲ್ಲಿದ್ದರೆ ನಡೆದೇ ಹೋಗಿ.

ಮುಂದಿನ ವಾರ ಬ್ರೇಕ್ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನಿಮ್ಮ ಮನೆಯಲ್ಲಿ ಹ್ಯಾಂಡಲ್ ಹಾಕಿ ಗಾಡಿ ಎಬ್ಬಿಸಿದ ಅಜ್ಜನೋ, ಮಾವನೋ ಇದ್ದರೆ ಫೋನ್ ಮಾಡಿ ಕೇಳಿ, ಹೆಬ್ಬೆರಳು ಎಲ್ಲಿಡುತ್ತಿದ್ದರು ಅಂತ.