ಸೆರೆಯಾಳಿಗೆ ಕಟ್ಟಿದ ಬೆಲೆ: ಯುದ್ಧ, ಪುರಾಣ ಮತ್ತು ಒತ್ತೆಹಣದ ಕಥೆ

ಯುದ್ಧದಲ್ಲಿ ಕೈಗೆ ಸಿಕ್ಕ ಶತ್ರುವನ್ನು ಕೊಲ್ಲಬಹುದು, ಗುಲಾಮನನ್ನಾಗಿ ಇಟ್ಟುಕೊಳ್ಳಬಹುದು, ಇಲ್ಲವೇ ಅವನ ಕಡೆಯವರಿಂದ ಹಣ ಪಡೆದು ಬಿಟ್ಟು ಕಳಿಸಬಹುದು. ಮೂರನೆಯ ದಾರಿಯೇ ಒತ್ತೆಹಣ. ಇಂದು ಈ ಪದ ಕೇಳಿದರೆ ಅಪಹರಣದ ಸುದ್ದಿಯೇ ನೆನಪಿಗೆ ಬರುತ್ತದೆ. ಆದರೆ ಶತಮಾನಗಳ ಕಾಲ ಇದು ಕರಾರು ಪತ್ರ, ಕಂತು, ಜಾಮೀನು ಎಲ್ಲವೂ ಇದ್ದ ಬಹಿರಂಗ ವ್ಯವಹಾರವಾಗಿತ್ತು. ಕನ್ನಡದಲ್ಲಿ 'ಒತ್ತೆ' ಎಂದರೆ ಅಡವು. ಒಡವೆಯನ್ನು ಒತ್ತೆ ಇಟ್ಟ ಹಾಗೆ ಮನುಷ್ಯನನ್ನೂ ಇಡಬಹುದು ಎಂಬುದು ಆ ಪದದಲ್ಲೇ ಇದೆ.

ಅಂದಿನಿಂದ ಇಂದಿನವರೆಗೆ ಪ್ರಶ್ನೆ ಒಂದೇ. ಹಣ ಕೊಟ್ಟರೆ ನಮ್ಮವನು ಮನೆಗೆ ಬರುತ್ತಾನೆ, ಆದರೆ ಅದೇ ಹಣ ಇನ್ನೊಬ್ಬನನ್ನು ಹಿಡಿಯುವ ಆಸೆ ಹುಟ್ಟಿಸುತ್ತದೆ. ಹಾಗಾದರೆ ಕೊಡಬೇಕೇ, ಬೇಡವೇ?

ಅಮೃತ ತಂದ ಗರುಡ

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒತ್ತೆಹಣದ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಉಚ್ಚೈಃಶ್ರವಸ್ಸಿನ ಬಾಲದ ಬಣ್ಣದ ಮೇಲೆ ಕದ್ರು ಮತ್ತು ವಿನತೆ ಪಣ ಕಟ್ಟುತ್ತಾರೆ. ಕದ್ರುವಿನ ಮೋಸದಿಂದ ಸೋತ ವಿನತೆ ಅವಳ ದಾಸಿಯಾಗುತ್ತಾಳೆ. ತಾಯಿಯನ್ನು ಬಿಡಬೇಕಾದರೆ ಏನು ಕೊಡಬೇಕು ಎಂದು ಗರುಡ ಕೇಳಿದಾಗ ನಾಗರು ಅಮೃತವನ್ನೇ ಕೇಳುತ್ತಾರೆ. ಗರುಡ ದೇವಲೋಕದಿಂದ ಕಲಶ ತಂದು ದರ್ಭೆಯ ಮೇಲಿಡುತ್ತಾನೆ, ತಾಯಿಗೆ ಬಿಡುಗಡೆಯಾಗುತ್ತದೆ. ನಾಗರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಇಂದ್ರ ಕಲಶವನ್ನು ಎತ್ತಿಕೊಂಡು ಹೋಗುತ್ತಾನೆ. ಬರೀ ದರ್ಭೆ ನೆಕ್ಕಿ ನಾಗರ ನಾಲಿಗೆ ಸೀಳುತ್ತದೆ. ಹೇಳಿದ್ದನ್ನು ಕೊಟ್ಟೂ ಆಯಿತು, ಕಿತ್ತುಕೊಂಡವನಿಗೆ ದಕ್ಕಲೂ ಇಲ್ಲ! ಒತ್ತೆಹಣ ತೆತ್ತವರೆಲ್ಲ ಮನಸ್ಸಿನಲ್ಲಿ ಬಯಸುವುದು ಇದನ್ನೇ.

ಗ್ರೀಕರ ಇಲಿಯಡ್ ಕೂಡ ಶುರುವಾಗುವುದು ಒತ್ತೆಹಣದಿಂದ. ಮಗಳನ್ನು ಬಿಡಿಸಿಕೊಳ್ಳಲು ಬಂದ ಪೂಜಾರಿ ಕ್ರೈಸಿಸ್‌ನ ಕಾಣಿಕೆಯನ್ನು ಅಗಮೆಮ್ನನ್ ತಿರಸ್ಕರಿಸುತ್ತಾನೆ, ಅನಾಹುತಗಳೆಲ್ಲ ಅಲ್ಲಿಂದಲೇ. ಕೊನೆಯಲ್ಲಿ ಮುದಿ ರಾಜ ಪ್ರಿಯಾಮ್ ತನ್ನ ಮಗನನ್ನು ಕೊಂದ ಅಕಿಲೀಸ್‌ನ ಡೇರೆಗೇ ಹೋಗಿ, ಸಂಪತ್ತು ಕೊಟ್ಟು ಹೆಕ್ಟರ್‌ನ ಶವವನ್ನು ಬಿಡಿಸಿಕೊಳ್ಳುತ್ತಾನೆ.

ರಾಜನ ಬೆಲೆ, ಪ್ರಜೆಯ ಬೆವರು

ಒತ್ತೆಹಣ ದೊಡ್ಡ ಉದ್ಯಮವಾಗಿ ಬೆಳೆದದ್ದು ಮಧ್ಯಯುಗದ ಯುರೋಪಿನಲ್ಲಿ. ಇಂಗ್ಲೆಂಡಿನ ದೊರೆ 'ಸಿಂಹಹೃದಯ' ರಿಚರ್ಡ್ ಧರ್ಮಯುದ್ಧ ಮುಗಿಸಿ ಮರಳುವಾಗ, 1192ರ ಡಿಸೆಂಬರ್‌ನಲ್ಲಿ ವಿಯೆನ್ನಾ ಬಳಿ ಆಸ್ಟ್ರಿಯಾದ ಲಿಯೋಪೋಲ್ಡ್‌ನ ಕೈಗೆ ಸಿಕ್ಕಿಬಿದ್ದ. ಲಿಯೋಪೋಲ್ಡ್ ಅವನನ್ನು ಚಕ್ರವರ್ತಿ ಆರನೇ ಹೆನ್ರಿಗೆ ಒಪ್ಪಿಸಿದ. ಕೇಳಿದ ಬೆಲೆ 1,50,000 ಮಾರ್ಕ್ ಬೆಳ್ಳಿ. ಇಂಗ್ಲೆಂಡಿನಲ್ಲಿ ಆದಾಯ ಮತ್ತು ಚರಾಸ್ತಿಯ ನಾಲ್ಕನೇ ಒಂದು ಪಾಲು ತೆರಿಗೆ ಬಿತ್ತು. ಚರ್ಚುಗಳ ಬೆಳ್ಳಿ ಬಂಗಾರದ ಪಾತ್ರೆಗಳು ಹೋದವು, ಸಿಸ್ಟರ್ಷಿಯನ್ ಸನ್ಯಾಸಿಗಳ ಆ ವರ್ಷದ ಉಣ್ಣೆಯೂ ಹೋಯಿತು. ತಾಯಿ ಎಲೀನರ್ ಮುಂದೆ ನಿಂತು ಹಣ ಕೂಡಿಸುತ್ತಿದ್ದರೆ, ತಮ್ಮ ಜಾನ್ ಫ್ರಾನ್ಸಿನ ದೊರೆಯ ಜೊತೆ ಸೇರಿ ಅಣ್ಣನನ್ನು ಇನ್ನಷ್ಟು ದಿನ ಒಳಗೇ ಇಡಲು ಹಣದ ಆಮಿಷ ಒಡ್ಡುತ್ತಿದ್ದ! 1194ರ ಫೆಬ್ರವರಿಯಲ್ಲಿ ರಿಚರ್ಡ್ ಬಿಡುಗಡೆಯಾದ. ಲಿಯೋಪೋಲ್ಡ್ ತನ್ನ ಪಾಲಿನ ಹಣದಲ್ಲಿ ವಿಯೆನ್ನಾದ ಕೋಟೆ ಗೋಡೆ ಕಟ್ಟಿಸಿದ. ಗಾಯಕ ಬ್ಲೋಂಡೆಲ್ ಕೋಟೆಯಿಂದ ಕೋಟೆಗೆ ಹಾಡುತ್ತಾ ಅಲೆದು ದೊರೆಯನ್ನು ಪತ್ತೆ ಹಚ್ಚಿದ ಎಂಬ ಕಥೆ ಆಮೇಲೆ ಹುಟ್ಟಿದ್ದು. ಅದಕ್ಕೆ ಇತಿಹಾಸದ ಆಧಾರವಿಲ್ಲ, ಆದರೆ ತೆರಿಗೆಯ ಲೆಕ್ಕಕ್ಕಿಂತ ಜನರಿಗೆ ಅದೇ ನೆನಪಿದೆ.

ಫ್ರಾನ್ಸಿನ ಎರಡನೇ ಜಾನ್ ದೊರೆಯದು ಇದಕ್ಕಿಂತ ವಿಚಿತ್ರ ಕಥೆ. 1356ರಲ್ಲಿ ಪ್ವಾಟಿಯೇ ಕದನದಲ್ಲಿ ಇಂಗ್ಲಿಷರಿಗೆ ಸೆರೆಸಿಕ್ಕ ಅವನ ಬೆಲೆ 1360ರ ಒಪ್ಪಂದದಲ್ಲಿ 30 ಲಕ್ಷ ಚಿನ್ನದ ನಾಣ್ಯಗಳೆಂದು ನಿಗದಿಯಾಯಿತು. ಮೊದಲ ಕಂತಿಗೆ ಹಣ ಹೊಂದಿಸಲು ಎಳೆಯ ಮಗಳು ಇಸಾಬೆಲ್‌ಳನ್ನು ಮಿಲಾನಿನ ಶ್ರೀಮಂತ ವಿಸ್ಕಾಂಟಿ ಮನೆತನಕ್ಕೆ ಮದುವೆ ಮಾಡಿಕೊಟ್ಟರು. ಅಪ್ಪನ ಬಿಡುಗಡೆಗೆ ಮಗಳೇ ಬೆಲೆಯಾದಳು. ಮೊನ್ನೆ ಮೊನ್ನೆ ಯೂರೋ ಬರುವವರೆಗೆ ಫ್ರಾನ್ಸಿನಲ್ಲಿ ಚಲಾವಣೆಯಲ್ಲಿದ್ದ 'ಫ್ರಾಂಕ್' ಎಂಬ ಹೆಸರಿನ ನಾಣ್ಯ ಮೊದಲು ಟಂಕಿಸಿದ್ದು ಆ ವರ್ಷವೇ. ಬಾಕಿ ಹಣಕ್ಕೆ ಒತ್ತೆಯಾಗಿದ್ದ ಮಗ ಲೂಯಿ 1363ರಲ್ಲಿ ತಪ್ಪಿಸಿಕೊಂಡು ಓಡಿಹೋದ. ಮಾತು ತಪ್ಪಿದಂತಾಯಿತು ಎಂದು ಜಾನ್ ತಾನೇ ಲಂಡನ್ನಿಗೆ ಮರಳಿ ಸೆರೆಯಾಗಿ, 1364ರ ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡ. ಮಗಳನ್ನು ಬಿಟ್ಟುಕೊಟ್ಟ ದೊರೆ ಮಾತನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಈ ವ್ಯವಸ್ಥೆ ಕಾಪಾಡಿದ್ದು ಬೆಲೆ ಇದ್ದವರನ್ನು. ಮನೆಯಲ್ಲಿ ಏನೂ ಇಲ್ಲದ ಸಾಮಾನ್ಯ ಸೈನಿಕನನ್ನು ಉಳಿಸಿಕೊಂಡು ಯಾರಿಗೂ ಲಾಭವಿರಲಿಲ್ಲ. ಬೆಲೆ ಇದ್ದವರಿಗೂ ಇದು ಸದಾ ರಕ್ಷಣೆಯಾಗಲಿಲ್ಲ. 1415ರ ಅಜಿನ್‌ಕೋರ್ಟ್ ಕದನದಲ್ಲಿ ಸೆರೆಯಾಳುಗಳನ್ನು ಕೊಲ್ಲಲು ಐದನೇ ಹೆನ್ರಿ ಆಜ್ಞೆ ಮಾಡಿದಾಗ ಅವನ ಸೈನಿಕರೇ ಹಿಂಜರಿದರು. ಕೈಗೆ ಬಂದ ಹಣ ಹೋಗುತ್ತದಲ್ಲ ಎಂಬ ಚಿಂತೆ! ಕೊನೆಗೆ ಆ ಕೆಲಸಕ್ಕೆ ಬಿಲ್ಲುಗಾರರನ್ನು ನೇಮಿಸಬೇಕಾಯಿತು.

ನನ್ನನ್ನು ಬಿಡಿಸಬೇಡಿ

ಕೊಡಬೇಕೇ ಬೇಡವೇ ಎಂಬುದನ್ನು ಕಾನೂನಾಗಿಯೇ ಬರೆದಿಟ್ಟವರು ಯಹೂದಿಗಳು. ಸೆರೆಯಾಳನ್ನು ಬಿಡಿಸುವುದು ಅವರಲ್ಲಿ ಬಹಳ ದೊಡ್ಡ ಪುಣ್ಯದ ಕೆಲಸ. ಆದರೆ ಅವನ ಯೋಗ್ಯ ಬೆಲೆಗಿಂತ ಹೆಚ್ಚು ಕೊಡಬಾರದು ಎಂದು ಅವರ ಪ್ರಾಚೀನ ಧರ್ಮಶಾಸ್ತ್ರ ಮಿಶ್ನಾ ಹೇಳುತ್ತದೆ, ಲೋಕದ ಹಿತಕ್ಕಾಗಿ. ಜರ್ಮನಿಯ ದೊಡ್ಡ ವಿದ್ವಾಂಸ, ರೋಥೆನ್‌ಬರ್ಗ್‌ನ ರಬ್ಬಿ ಮೇಯರ್ 1286ರಲ್ಲಿ ಸೆರೆಯಾದಾಗ ಸಮುದಾಯ ಭಾರೀ ಮೊತ್ತ ಕೂಡಿಸಲು ಸಿದ್ಧವಾಯಿತು. ತನಗೆ ಅಷ್ಟು ಕೊಟ್ಟರೆ ನಾಳೆ ಎಲ್ಲ ರಬ್ಬಿಗಳನ್ನೂ ಹಿಡಿಯುತ್ತಾರೆ ಎಂದು ಅವರೇ ಬೇಡವೆಂದರು ಎನ್ನುತ್ತದೆ ಪರಂಪರೆ. 1293ರಲ್ಲಿ ಸೆರೆಯಲ್ಲೇ ಸತ್ತರು. ಶವವನ್ನೂ ಕೊಡಲಿಲ್ಲ. 14 ವರ್ಷಗಳ ನಂತರ ಅಲೆಕ್ಸಾಂಡರ್ ವಿಂಪ್‌ಫೆನ್ ಎಂಬ ಶ್ರೀಮಂತ ಹಣ ಕೊಟ್ಟು ಅದನ್ನು ಬಿಡಿಸಿದ. ತಾನು ಸತ್ತ ಮೇಲೆ ಅವರ ಪಕ್ಕದಲ್ಲಿ ಹೂಳಬೇಕು ಎಂಬುದೊಂದೇ ಅವನ ಷರತ್ತು. ವರ್ಮ್ಸ್ ನಗರದ ಹಳೆಯ ಸ್ಮಶಾನದಲ್ಲಿ ಆ ಎರಡು ಸಮಾಧಿಗಳು ಇಂದಿಗೂ ಅಕ್ಕಪಕ್ಕದಲ್ಲಿವೆ.

ಕ್ರೈಸ್ತರು ಬೇರೆ ದಾರಿ ಹಿಡಿದರು. ಸೆರೆಯಾಳುಗಳನ್ನು ಬಿಡಿಸಲೆಂದೇ 1198ರಲ್ಲಿ ಟ್ರಿನಿಟೇರಿಯನ್ ಸನ್ಯಾಸಿ ಸಂಘಕ್ಕೆ ಪೋಪ್ ಒಪ್ಪಿಗೆ ಸಿಕ್ಕಿತು. ಆದಾಯದ ಮೂರನೇ ಒಂದು ಭಾಗ ಅದಕ್ಕೇ ಮೀಸಲು. ಅಲ್ಜೀರ್ಸ್‌ನ ಕಡಲ್ಗಳ್ಳರ ಕೈಯಲ್ಲಿ 1575ರಿಂದ ಐದು ವರ್ಷ ಕೊಳೆತ, ನಾಲ್ಕು ಬಾರಿ ತಪ್ಪಿಸಿಕೊಳ್ಳಲು ಹೋಗಿ ಸೋತ ಒಬ್ಬ ಸೈನಿಕನನ್ನು 1580ರಲ್ಲಿ ಬಿಡಿಸಿದ್ದು ಈ ಸನ್ಯಾಸಿಗಳೇ. ಅವನ ಹೆಸರು ಸೆರ್ವಾಂಟಿಸ್. ಆ ಹಣ ಹೋಗದಿದ್ದರೆ 'ಡಾನ್ ಕ್ವಿಕ್ಸೋಟ್' ಇರುತ್ತಿರಲಿಲ್ಲ.

ಹಣ ಕೊಟ್ಟ ಮಾತ್ರಕ್ಕೆ ಜೀವ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಪೆರುವಿನ ಇಂಕಾ ದೊರೆ ಅಟಹುವಾಲ್ಪ ಒಂದು ಕೋಣೆ ತುಂಬ ಚಿನ್ನ, ಅದರ ಎರಡರಷ್ಟು ಬೆಳ್ಳಿ ಕೊಡುತ್ತೇನೆಂದು ಒಪ್ಪಿ ಸ್ಪೇನಿನ ಪಿಜಾರೋಗೆ ರಾಶಿ ರಾಶಿ ಲೋಹ ತರಿಸಿಕೊಟ್ಟ. ಅದನ್ನು ಕರಗಿಸಿ ಹಂಚಿಕೊಂಡ ಸ್ಪೇನಿಗರು 1533ರಲ್ಲಿ ಅವನನ್ನು ಕೊಂದರು.

ಶ್ರೀರಂಗಪಟ್ಟಣದ ಇಬ್ಬರು ಮಕ್ಕಳು

ಭಾರತದಲ್ಲೂ ಉದಾಹರಣೆಗಳಿವೆ. 1001ರಲ್ಲಿ ಪೇಶಾವರದ ಬಳಿ ಘಜ್ನಿ ಮಹಮೂದನಿಗೆ ಸೆರೆಸಿಕ್ಕ ದೊರೆ ಜಯಪಾಲ ಬೆಲೆ ತೆತ್ತು ಬಿಡುಗಡೆಯಾದ. ಆದರೆ ಅವಮಾನ ತಾಳದೆ ಮಗನಿಗೆ ಪಟ್ಟ ಕೊಟ್ಟು ಚಿತೆ ಏರಿದ.

ಕನ್ನಡ ನಾಡಿನ ಪ್ರಕರಣ 1792ರದು. ಮೂರನೇ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು ಸುಲ್ತಾನ್ ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಬಾಕಿ ಕಂತುಗಳಿಗೆ ಖಾತ್ರಿಯಾಗಿ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸಿದ. ಅವರು ಯುದ್ಧದಲ್ಲಿ ಸೆರೆಸಿಕ್ಕವರಲ್ಲ, ಅಪ್ಪನ ಸಾಲಕ್ಕೆ ಅಡವಾದವರು. ಅವರನ್ನು ಮದ್ರಾಸಿಗೆ ಕರೆದೊಯ್ದರು. ಆ ಹಸ್ತಾಂತರದ ದೃಶ್ಯವನ್ನು ಬ್ರಿಟಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು, ಎಲ್ಲದರಲ್ಲೂ ಕಾರ್ನ್‌ವಾಲಿಸ್ ವಾತ್ಸಲ್ಯದ ತಂದೆಯಂತೆ ಕಾಣುತ್ತಾನೆ. ಹಣ ಸಂದಾಯವಾದ ಮೇಲೆ 1794ರಲ್ಲಿ ದೇವನಹಳ್ಳಿಯಲ್ಲಿ ಮಕ್ಕಳು ಟಿಪ್ಪುವಿನ ಕೈ ಸೇರಿದರು.

ಈಗಿನ ಕಾನೂನು, ಈಗಿನ ಕಡಲು

ಸೈನಿಕರ ಒತ್ತೆಹಣಕ್ಕೆ ಕಾನೂನು ತೆರೆ ಎಳೆದಿದೆ. ಯುದ್ಧಕೈದಿ ಹಿಡಿದವನ ಸ್ವತ್ತಲ್ಲ, ಸರ್ಕಾರದ ಹೊಣೆ ಎಂದು 1907ರ ಹೇಗ್ ನಿಯಮಗಳು ಮತ್ತು 1949ರ ಜಿನೀವಾ ಒಪ್ಪಂದ ಹೇಳುತ್ತವೆ. 1971ರಲ್ಲಿ ಭಾರತದ ವಶವಾದ ಸುಮಾರು 93,000 ಪಾಕಿಸ್ತಾನಿಗಳು ಮರಳಿದ್ದು ಮಾತುಕತೆಯಿಂದ, ತಲೆಗಿಷ್ಟು ಎಂಬ ದರದಿಂದಲ್ಲ. ಭಯೋತ್ಪಾದಕರಿಗೆ ಒತ್ತೆಹಣ ಸಿಗದಂತೆ ತಡೆಯಿರಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2014ರ ಜನವರಿಯಲ್ಲಿ ದೇಶಗಳಿಗೆ ಕರೆ ಕೊಟ್ಟಿತು.

ಆದರೆ ಹಡಗಿನ ಕೆಲಸಕ್ಕೆ ಹೋದವರ ಮನೆಗಳಿಗೆ ಈ ವಿಷಯ ಹಳತಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಸೊಮಾಲಿಯಾದ ಕಡಲ್ಗಳ್ಳರು 'ಆಸ್ಫಾಲ್ಟ್ ವೆಂಚರ್' ಹಡಗನ್ನು ಅಪಹರಿಸಿದರು. ಅದರಲ್ಲಿದ್ದ 15 ಸಿಬ್ಬಂದಿಯೂ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಒತ್ತೆಹಣ ಸಂದಾಯವಾಯಿತು, ಹಡಗು ಮತ್ತು ಎಂಟು ಮಂದಿ ಬಿಡುಗಡೆಯಾದರು. ಉಳಿದ ಏಳು ಮಂದಿಯನ್ನು ಕಡಲ್ಗಳ್ಳರು ಕೊಡಲಿಲ್ಲ. ಭಾರತದ ನೌಕಾಪಡೆ ಹಿಡಿದಿದ್ದ ತಮ್ಮ ನೂರಕ್ಕೂ ಹೆಚ್ಚು ಸಂಗಡಿಗರನ್ನು ಬಿಟ್ಟರೆ ಮಾತ್ರ ಇವರನ್ನು ಬಿಡುತ್ತೇವೆ ಎಂದರು. ಹಣ ಕೊಟ್ಟಾಗಿತ್ತು, ಆದರೆ ಕೇಳುವ ಬೆಲೆಯೇ ಬದಲಾಗಿತ್ತು. ಆ ಏಳು ಮಂದಿ ಹೊರಬಂದದ್ದು 2014ರ ಅಕ್ಟೋಬರ್ ಕೊನೆಗೆ, ಸೆರೆಸಿಕ್ಕು ನಾಲ್ಕು ವರ್ಷ ದಾಟಿದ ಮೇಲೆ.