ಆಸ್ಪತ್ರೆಗೆ ಕೊಡುವ ಹಣ ಮನೆಗೇಕಿಲ್ಲ?

1981ರ ನವೆಂಬರ್ 10ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳ ವಿಷಯ ಎತ್ತಿದರು. ಹೆಸರು ಕೇಟಿ ಬೆಕೆಟ್, ಊರು ಐಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್. ಐದು ತಿಂಗಳ ಕೂಸಾಗಿದ್ದಾಗ ಮೆದುಳಿಗೆ ಸೋಂಕು ತಗುಲಿ, ಉಸಿರಾಡಲು ವೆಂಟಿಲೇಟರ್ ಬೇಕಾಯಿತು. ಮನೆಗೆ ಕರೆದೊಯ್ಯಬಹುದು ಎಂದು ವೈದ್ಯರು ಹೇಳಿದರೂ ಮಗು ಆಸ್ಪತ್ರೆಯಲ್ಲೇ ಇತ್ತು. ಕಾರಣ ದುಡ್ಡು. ಬಡವರ ಮತ್ತು ಅಂಗವಿಕಲರ ಚಿಕಿತ್ಸೆಗೆಂದು ಸರ್ಕಾರ ನಡೆಸುವ ಮೆಡಿಕೇಡ್ ಯೋಜನೆ, ಮಗು ಆಸ್ಪತ್ರೆಯಲ್ಲಿದ್ದರೆ ಮಾತ್ರ ಅವಳ ಖರ್ಚು ಕೊಡುತ್ತಿತ್ತು. ಮನೆಯಲ್ಲಾದರೆ ಅದರ ಆರನೇ ಒಂದು ಪಾಲು ಸಾಕು, ಆದರೆ ಅದಕ್ಕೆ ನಿಯಮವಿಲ್ಲ. ಇದೆಂಥ ನಿಯಮ ಎಂದು ದೇಶದ ಅಧ್ಯಕ್ಷರೇ ಕೇಳಿದ ಮೇಲೆ ಡಿಸೆಂಬರಿನಲ್ಲಿ ಕೇಟಿ ಮನೆ ಸೇರಿದಳು.

ಕೇಟಿಗಿದ್ದದ್ದು ಬೌದ್ಧಿಕ ಅಂಗವೈಕಲ್ಯವಲ್ಲ. ಆದರೆ ಬೌದ್ಧಿಕ ಅಂಗವೈಕಲ್ಯ ಇರುವ ಸಾವಿರಾರು ಮಂದಿ ಸಿಕ್ಕಿಕೊಂಡಿದ್ದದ್ದೂ ಇದೇ ನಿಯಮದಲ್ಲಿ. ಅದನ್ನು ತಿಳಿಯಲು ಇನ್ನೂ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ವಿಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆ ಇತ್ತು. ಅದನ್ನು ‘ಶಾಲೆ’ ಎಂದು ಕರೆಯುತ್ತಿದ್ದರು. 4,000 ಜನರಿಗೆಂದು ಕಟ್ಟಿದ್ದ ಕಡೆ 1960ರ ದಶಕದಲ್ಲಿ 6,000ಕ್ಕೂ ಹೆಚ್ಚು ಜನರನ್ನು ತುಂಬಿದ್ದರು. 1972ರ ಜನವರಿಯಲ್ಲಿ ಹೆರಾಲ್ಡೊ ರಿವೆರಾ ಟಿವಿ ಕ್ಯಾಮೆರಾದೊಂದಿಗೆ ಒಳಗೆ ನುಗ್ಗಿ ತೋರಿಸಿದ ದೃಶ್ಯಗಳನ್ನು ಪತ್ರಿಕೋದ್ಯಮದ ಪಾಠಗಳಲ್ಲಿ ಈಗಲೂ ನೆನೆಯುತ್ತಾರೆ: ಬಟ್ಟೆಯಿಲ್ಲದ ಮಕ್ಕಳು, ಗಲೀಜು, ಕತ್ತಲ ಕೋಣೆ. ಆದರೆ ಅದಕ್ಕೂ ಮುಂಚೆ, 1971ರಲ್ಲೇ, ‘ಸ್ಟೇಟನ್ ಐಲೆಂಡ್ ಅಡ್ವಾನ್ಸ್’ ಎಂಬ ಸ್ಥಳೀಯ ಪತ್ರಿಕೆಯ ವರದಿಗಾರ್ತಿ ಜೇನ್ ಕರ್ಟಿನ್ ಇದನ್ನೆಲ್ಲ ಬರೆದಿದ್ದರು. ನಮ್ಮಂಥ ಊರುಕೇರಿಯ ವರದಿಗಾರರು ಈ ಹೆಸರನ್ನೂ ನೆನಪಿಟ್ಟುಕೊಳ್ಳಬೇಕು.

ವಿಪರ್ಯಾಸ ನೋಡಿ. ಕರ್ಟಿನ್ ಬರೆಯುತ್ತಿದ್ದ ಅದೇ 1971ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಇಂಥ ಸಂಸ್ಥೆಗಳಿಗೆ ಮೆಡಿಕೇಡ್ ಹಣ ಕೊಡಲು ಒಪ್ಪಿತು. ಉದ್ದೇಶ ಒಳ್ಳೆಯದೇ. ಹಣ ಬೇಕಿದ್ದರೆ ಸಂಸ್ಥೆ ಇಂತಿಷ್ಟು ಗುಣಮಟ್ಟ ಕಾಯಬೇಕಿತ್ತು. ಆದರೆ ಸಂಸ್ಥೆಯ ಹಾಸಿಗೆಗೆ ಕೇಂದ್ರದಿಂದ ಖರ್ಚಿನ ಅರ್ಧವಾದರೂ ಬರುತ್ತದೆ, ಮನೆಯಲ್ಲಿ ಸಾಕುವ ತಾಯಿಗೆ ಏನೂ ಬರುವುದಿಲ್ಲ ಎಂದಾದರೆ ರಾಜ್ಯಗಳು ಯಾವ ಕಡೆ ವಾಲುತ್ತವೆ ಹೇಳಿ? 1981ರ ಆಗಸ್ಟಿನ ಕಾನೂನು ಈ ಗಂಟನ್ನು ಬಿಚ್ಚಿತು. ಸಂಸ್ಥೆಗೆ ಹೋಗುವ ಹಣವನ್ನು ಮನೆಯಲ್ಲಿ, ಊರೊಳಗೆ ಕೊಡುವ ಸೇವೆಗೂ ಬಳಸಲು ರಾಜ್ಯಗಳು ವಿನಾಯಿತಿ ಕೇಳಬಹುದಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ವೇವರ್’ ಎನ್ನುತ್ತಾರೆ. ಎಷ್ಟು ಜನರಿಗೆ ಎಂದು ರಾಜ್ಯವೇ ಮಿತಿ ಹಾಕಬಹುದಾದ್ದರಿಂದ ಕಾಯುವವರ ಸಾಲೂ ಅಲ್ಲಿಂದಲೇ ಹುಟ್ಟಿತು.

ಸಂಸ್ಥೆಗಳು ಒಂದೊಂದಾಗಿ ಮುಚ್ಚಿದವು. ವಿಲೋಬ್ರೂಕ್ 1987ರಲ್ಲಿ ಬಾಗಿಲು ಹಾಕಿತು. ಆಮೇಲೆ ಖರ್ಚಿನ ಪ್ರಶ್ನೆ ಬಂತು, ಅದರ ಬೆನ್ನಿಗೇ ‘ಮ್ಯಾನೇಜ್ಡ್ ಕೇರ್’ ಬಂತು.

ಹಾಸ್ಟೆಲಿನಲ್ಲಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಲೆಗೆ ತಿಂಗಳಿಗೆ ಇಷ್ಟು ಎಂದು ಮೆಸ್ ಗುತ್ತಿಗೆ ಕೊಟ್ಟ ಹಾಗೆ. ಸರ್ಕಾರ ಪ್ರತಿ ಫಲಾನುಭವಿಗೆ ನಿಗದಿತ ಮೊತ್ತ ಕೊಡುತ್ತದೆ, ಗುತ್ತಿಗೆದಾರ ಎಲ್ಲ ಸೇವೆ ಒದಗಿಸಬೇಕು. ಉಳಿದರೆ ಅವನಿಗೆ, ಸಾಲದಿದ್ದರೆ ನಷ್ಟವೂ ಅವನದೇ. ಸಾಮಾನ್ಯ ಚಿಕಿತ್ಸೆಯಲ್ಲಿ ಈ ಲೆಕ್ಕ ಒಂದು ಮಟ್ಟಿಗೆ ಕೂಡಿಬರುತ್ತದೆ. ಸಕ್ಕರೆ ಕಾಯಿಲೆಯವರನ್ನು ಮೊದಲೇ ನೋಡಿಕೊಂಡರೆ ಆಸ್ಪತ್ರೆ ಖರ್ಚು ಉಳಿಯುತ್ತದಲ್ಲ. ಆದರೆ ಬೌದ್ಧಿಕ ಅಂಗವೈಕಲ್ಯ ಇರುವವರ ಖರ್ಚಿನ ಬಹುಪಾಲು ಔಷಧಿಯದ್ದಲ್ಲ, ಜೊತೆಗಿರುವ ಮನುಷ್ಯರ ಗಂಟೆಗಳದ್ದು. ಸ್ನಾನ ಮಾಡಿಸಲು, ಊಟ ಮಾಡಿಸಲು, ಕೆಲಸಕ್ಕೆ ಕರೆದೊಯ್ಯಲು ಒಬ್ಬರು ಬೇಕು, ಜೀವನಪೂರ್ತಿ ಬೇಕು. ಅಲ್ಲಿ ಉಳಿಸುವುದೆಂದರೆ ಒಂದೋ ಗಂಟೆ ಕಡಿಮೆ ಮಾಡಬೇಕು, ಇಲ್ಲವೇ ನೋಡಿಕೊಳ್ಳುವವರ ಸಂಬಳ ಹಿಡಿಯಬೇಕು.

ಅರಿಝೋನಾ 1988ರಲ್ಲೇ ಈ ಪದ್ಧತಿಗೆ ಬಂದಿತ್ತು. ಅಲ್ಲಿ ಗುತ್ತಿಗೆ ಹಿಡಿದದ್ದು ಸರ್ಕಾರದ್ದೇ ಒಂದು ಇಲಾಖೆ. ಹಾಗಾಗಿ ಲಾಭದ ಪ್ರಶ್ನೆ ಅಷ್ಟಾಗಿ ಎದ್ದಿರಲಿಲ್ಲ ಎಂದು ನನ್ನ ಅನಿಸಿಕೆ. ಕಾನ್ಸಸ್ 2013ರಲ್ಲಿ ಮೆಡಿಕೇಡನ್ನು ಮೂರು ಖಾಸಗಿ ಕಂಪನಿಗಳಿಗೆ ಒಪ್ಪಿಸಿದಾಗ ಪೋಷಕರು ಪಟ್ಟು ಹಿಡಿದು, ತಮ್ಮ ಮಕ್ಕಳ ದೀರ್ಘಕಾಲದ ಸೇವೆಗಳನ್ನು ಮುಂದಿನ ವರ್ಷದವರೆಗೆ ಹೊರಗಿಡಿಸಿದರು.

2016ರ ಏಪ್ರಿಲ್ 1ರಂದು ಐಯೋವಾದ ಸರದಿ ಬಂತು, ಕೇಟಿಯ ಐಯೋವಾ. ಕೇಟಿ 2012ರಲ್ಲೇ, 34ನೇ ವಯಸ್ಸಿಗೆ ತೀರಿಕೊಂಡಿದ್ದಳು. ಜೋಳ ಬೆಳೆಯುವ ಈ ರಾಜ್ಯ ಬಹುತೇಕ ಇಡೀ ಮೆಡಿಕೇಡನ್ನು ಒಂದೇ ಸಲಕ್ಕೆ ಮೂರು ಕಂಪನಿಗಳ ಕೈಗಿತ್ತಿತು. ಹಣ ಉಳಿಯುತ್ತದೆ ಎಂದು ಸರ್ಕಾರ ಹೇಳಿತ್ತು. ನಷ್ಟವಾಗುತ್ತಿದೆ, ದರ ಏರಿಸಿ ಎಂದು ಕಂಪನಿಗಳು ಹೇಳತೊಡಗಿದವು. ಸೇವೆ ಕಡಿತವಾಗುತ್ತಿದೆ ಎಂದು 2017ರಲ್ಲಿ ಆರು ಮಂದಿ ಅಂಗವಿಕಲರ ಪರವಾಗಿ ಮೊಕದ್ದಮೆ ಹೂಡಲಾಯಿತು. ಅದೇ ನವೆಂಬರಿನಲ್ಲಿ ಒಂದು ಕಂಪನಿ ಗುತ್ತಿಗೆ ಬಿಟ್ಟು ಹೋಯಿತು. ದೀರ್ಘಕಾಲದ ಸೇವೆ ಪಡೆಯುವವರಲ್ಲಿ ಹೆಚ್ಚಿನವರು ಅದರ ಪಟ್ಟಿಯಲ್ಲೇ ಇದ್ದರು. 2019ರ ಜೂನಿನಲ್ಲಿ ಇನ್ನೊಂದು ಹೋಯಿತು. ಪ್ರತಿ ಸಲವೂ ಮನೆಯವರಿಗೆ ಹೊಸ ಕಾರ್ಡು, ಹೊಸ ಫೋನ್ ನಂಬರು. ಮಗ ರಾತ್ರಿ ಒಬ್ಬನೇ ಇರಲಾರ ಎಂಬುದನ್ನು ಹೊಸ ಅಧಿಕಾರಿಗೆ ಮತ್ತೆ ಮೊದಲಿನಿಂದ ವಿವರಿಸುವ ಕೆಲಸ.

ಇದೇ ಐಯೋವಾದಲ್ಲಿ ಗ್ಲೆನ್‌ವುಡ್ ಎಂಬ ಊರಿದೆ. ಅಲ್ಲಿನ ಸರ್ಕಾರಿ ಸಂಸ್ಥೆ 1876ರಲ್ಲಿ ಶುರುವಾದದ್ದು, 2024ರ ಜೂನಿನಲ್ಲಿ ಮುಚ್ಚಿತು. ಅಲ್ಲಿದ್ದವರಲ್ಲಿ ಹಲವರು ಊರೊಳಗಿನ ಸಣ್ಣ ಮನೆಗಳಿಗೆ ಬಂದಿದ್ದಾರೆ. ಅವರ ಜೊತೆ ದಿನಕ್ಕೆ ಎಷ್ಟು ಗಂಟೆ ಒಬ್ಬರು ಇರಬೇಕು ಎಂಬ ಕಾಗದಕ್ಕೆ ಈಗ ಕಂಪನಿಯ ಒಪ್ಪಿಗೆ ಬೇಕು.