ಹಣ ಯಾರದು, ಹೆಸರು ಯಾರದು?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಬೇರೆ ತಾಲ್ಲೂಕಾದದ್ದು ಈಚೆಗೆ. ಭದ್ರಾ ನಾಲೆಯ ನೀರು ಕಂಡ ಕಡೆ ಅಡಿಕೆ, ಭತ್ತ. ಜಗಳೂರಿನ ಒಣನೆಲದಲ್ಲಿ ಮೆಕ್ಕೆಜೋಳ, ಶೇಂಗಾ. ಬೆಳೆ ಬೇರೆಯಾದರೂ, ನಾಡಿನ ಉಳಿದೆಡೆಯಂತೆ ಇಲ್ಲಿಯೂ ಹುಟ್ಟಬಹುದಾದ ಜಗಳವೊಂದಿದೆ: "ಹಣ ನನ್ನದು, ಹೆಸರು ಮಾತ್ರ ಅವನದು."

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಅಣ್ಣ, ನ್ಯಾಮತಿಯಲ್ಲಿ ಬೇಸಾಯ ಮಾಡುವ ತಮ್ಮ. ಬೇಸಾಯದ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲ. ವ್ಯಾಪಾರದ ಲಾಭಕ್ಕೂ ಬ್ಯಾಂಕಿನ ಬಡ್ಡಿಗೂ ಉಂಟು. ಅಣ್ಣ ತನ್ನ ಹಣವನ್ನು ತಮ್ಮನ ಹೆಸರಿನಲ್ಲಿ ಠೇವಣಿ ಇಡುತ್ತಾನೆ. ಬಡ್ಡಿಯಲ್ಲಿ ತೆರಿಗೆ ಮುರಿದುಕೊಳ್ಳದಿರಲೆಂದು, ತನ್ನ ಆದಾಯ ತೆರಿಗೆಯ ಮಿತಿಯೊಳಗಿದೆ ಎಂಬ ನಮೂನೆಗೆ ತಮ್ಮ ರುಜು ಹಾಕುತ್ತಾನೆ. ಹತ್ತು ವರ್ಷ ಎಲ್ಲವೂ ಸುಸೂತ್ರ. ತಮ್ಮ ತೀರಿಕೊಂಡ ಮೇಲೆ ಅವನ ಮಕ್ಕಳು ಕೇಳುತ್ತಾರೆ: "ಅಪ್ಪನೇ ರುಜು ಹಾಕಿದ್ದಾರಲ್ಲ, ನಿಮ್ಮದು ಹೇಗಾಯಿತು?" ಅವರು ಸುಳ್ಳು ಹೇಳುತ್ತಿಲ್ಲ. ಒಳಗಿನ ಮಾತನ್ನು ಅವರಿಗೆ ಯಾರೂ ತಿಳಿಸಿರಲೇ ಇಲ್ಲ.

ಇಂಥ ವ್ಯವಹಾರಕ್ಕೆ ಬೇನಾಮಿ ಎನ್ನುತ್ತಾರೆ. ಪರ್ಷಿಯನ್ ಮೂಲದ ಈ ಮಾತಿಗೆ ಹೆಸರಿಲ್ಲದ್ದು ಎಂದರ್ಥ. ವಾಸ್ತವವಾಗಿ ಹೆಸರಿಲ್ಲದಿರುವುದು ಆಸ್ತಿಗಲ್ಲ, ಅದರ ನಿಜವಾದ ಒಡೆಯನಿಗೆ.

ಬಚ್ಚಿಟ್ಟ ಧನದ ಪ್ರಶ್ನೆ ಬಹಳ ಹಳೆಯದು. ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ನಮ್ಮ ಇಂದಿನ ಬಸವಕಲ್ಯಾಣದ ನೆಲದ್ದು. ಅವಿಭಕ್ತ ಕುಟುಂಬದ ಆಸ್ತಿಯ ವಿಚಾರದಲ್ಲಿ ಭಾರತದ ಬಹುಭಾಗ ಅದನ್ನೇ ಪ್ರಮಾಣವಾಗಿ ಹಿಡಿಯಿತು. ಪಾಲಾದ ಮೇಲೆ ಒಬ್ಬನು ಮರೆಮಾಚಿದ್ದ ಸೊತ್ತು ಬಯಲಾದರೆ ಎಲ್ಲರೂ ಸಮನಾಗಿ ಹಂಚಿಕೊಳ್ಳಬೇಕೆಂಬುದು ಆ ಸ್ಮೃತಿಯ ವಿಧಿ. ಅಲ್ಲಿ ವಂಚನೆ ಮನೆಯವರಿಗೆ, ಪರಿಹಾರವೂ ಮನೆಯೊಳಗೇ. ತೆರಿಗೆಗಾಗಿ ಹೆಸರು ಬದಲಿಸಿದಾಗ ಹಾಗಲ್ಲ. ವಂಚನೆ ಸರ್ಕಾರಕ್ಕೆ, ಮನೆಯವರು ಅದರಲ್ಲಿ ಪಾಲುದಾರರು.

ಬ್ರಿಟಿಷರ ಕಾಲಕ್ಕೆ ಬರೋಣ. ತಂದೆ ಮಗನ ಹೆಸರಿನಲ್ಲಿ ಕೊಂಡರೆ ಅದು ಮಗನಿಗೆ ಕೊಟ್ಟ ಉಡುಗೊರೆ ಎಂದು ಇಂಗ್ಲೆಂಡಿನ ಕಾನೂನು ಊಹಿಸುತ್ತಿತ್ತು. 1854ರಲ್ಲಿ ಬಂಗಾಳದ ಕುಟುಂಬವೊಂದರ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ಊಹೆ ಭಾರತಕ್ಕೆ ಸಲ್ಲದೆಂದಿತು. ಇಲ್ಲಿ ಬೇನಾಮಿ ರೂಢಿಯ ಮಾತು. ಹಣ ಯಾರ ಕೈಯಿಂದ ಬಂತು ಎಂಬುದೇ ಮುಖ್ಯ. 1882ರ ನ್ಯಾಸಗಳ ಕಾಯಿದೆಯ 82ನೇ ಕಲಮು ಇದನ್ನೇ ಹೇಳಿತು. ನಮ್ಮ ಚನ್ನಗಿರಿಯ ಅಣ್ಣ ಆ ಕಾಲದವನಾಗಿದ್ದು, ಹಣ ತನ್ನದೆಂದು ರುಜುವಾತು ಮಾಡಿದ್ದರೆ ಗೆಲ್ಲುವ ಸಂಭವವಿತ್ತು.

ತೆರಿಗೆ ಏರಿದಂತೆ ಹೆಸರು ಬದಲಿಸುವ ಆಸೆಯೂ ಏರಿತು. 1973–74ರಲ್ಲಿ ಆದಾಯ ತೆರಿಗೆಯ ಅತ್ಯುನ್ನತ ದರ ಅಧಿಭಾರ ಸೇರಿ ಶೇಕಡ 97.75. ಆ ಹಂತದಲ್ಲಿ ದುಡಿದ ನೂರು ರೂಪಾಯಿಗೆ ಕೈಯಲ್ಲಿ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ! ಹೆಂಡತಿಗೋ ಅಪ್ರಾಪ್ತ ಮಕ್ಕಳಿಗೋ ಸೊತ್ತು ವರ್ಗಾಯಿಸಿದರೆ ಅದರ ಆದಾಯವನ್ನು ಕೊಟ್ಟವನ ಲೆಕ್ಕಕ್ಕೇ ಸೇರಿಸುವ ಏರ್ಪಾಡು 1961ರ ಆದಾಯ ತೆರಿಗೆ ಕಾಯಿದೆಯ 64ನೇ ಕಲಮಿನಲ್ಲಿತ್ತು. ಆ ಬಾಗಿಲು ಮುಚ್ಚಿದ್ದರಿಂದಲೇ ತಮ್ಮ, ತಾಯಿ, ಮದುವೆಯಾದ ಅಕ್ಕ ಇವರ ಹೆಸರುಗಳು ಅನುಕೂಲವಾಗಿ ಕಂಡವು.

1972ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಆಸ್ತಿಯನ್ನೋ ಅದರ ಆದಾಯವನ್ನೋ ತೆರಿಗೆ ಇಲಾಖೆಗೆ ತಿಳಿಸಿರದ ನಿಜ ಒಡೆಯನಿಗೆ ದಾವೆಯ ಹಕ್ಕಿಲ್ಲವೆಂಬ 281ಎ ಕಲಮನ್ನು ಸೇರಿಸಿತು. ಮನೆಯ ವ್ಯಾಜ್ಯದೊಳಗೆ ತೆರಿಗೆ ಕಾಲಿಟ್ಟದ್ದು ಹೀಗೆ.

ದೊಡ್ಡ ಪೆಟ್ಟು ಬಿದ್ದದ್ದು 1988ರಲ್ಲಿ. ಮೇ 19ರಂದು ಸುಗ್ರೀವಾಜ್ಞೆ, ಸೆಪ್ಟೆಂಬರ್ 5ರಂದು ಬೇನಾಮಿ ವ್ಯವಹಾರಗಳ ನಿಷೇಧ ಕಾಯಿದೆ. ಹಣ ಕೊಟ್ಟವನು ಹೆಸರುಳ್ಳವನ ಮೇಲೆ ದಾವೆ ಹೂಡುವಂತಿಲ್ಲ; ತನ್ನ ಮೇಲೆಯೇ ದಾವೆ ಬಂದರೂ "ಹಣ ನನ್ನದು" ಎಂದು ಪ್ರತಿವಾದಿಸುವಂತಿಲ್ಲ. ಹೆಂಡತಿ ಅಥವಾ ಅವಿವಾಹಿತ ಮಗಳ ಹೆಸರಿನಲ್ಲಿ ಕೊಳ್ಳುವುದಕ್ಕೆ ವಿನಾಯಿತಿ ಇತ್ತು. ಆದರೆ ಅಂಥ ಆಸ್ತಿ, ವಿರುದ್ಧ ಸಾಬೀತಾಗುವವರೆಗೆ, ಆಕೆಯ ಹಿತಕ್ಕಾಗಿಯೇ ಕೊಂಡದ್ದು. ವಿದ್ಯಾರ್ಥಿನಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. "ಸುಮ್ಮನೆ ನಿನ್ನ ಹೆಸರು ಹಾಕಿದ್ದೇನೆ" ಎಂಬ ಮಾತು ಕಾನೂನಿನ ಮುಂದೆ ಸುಮ್ಮನೆ ಆಗುವುದಿಲ್ಲ.

ಆಗಲೇ ನಡೆಯುತ್ತಿದ್ದ ಮೊಕದ್ದಮೆಗಳ ಗತಿ? ಅವಕ್ಕೂ ನಿಷೇಧ ತಟ್ಟುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ತೀರ್ಪಿತ್ತಿತು. ತಟ್ಟುವುದಿಲ್ಲ ಎಂದು 1995ರಲ್ಲಿ ಅದೇ ನ್ಯಾಯಾಲಯ ತಿದ್ದಿತು. ನಡುವಣ ಆರು ವರ್ಷಗಳಲ್ಲಿ ಸೋತವರ ಪಾಡನ್ನು ನೀವೇ ಊಹಿಸಿ.

ನಂಬಿಕೆಯ ಮೇಲೆ ನಡೆದ ವ್ಯವಹಾರಕ್ಕೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಬೆಂಗಳೂರಿನ ಒಂದು ಕುಟುಂಬದ ಮೊಕದ್ದಮೆ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ತಾಯಿ ನಗರಪಾಲಿಕೆಯ ಸ್ವತ್ತಿನ ಬಾಡಿಗೆದಾರಳು. ಆಕೆ ತೀರಿಕೊಂಡ ಮೇಲೆ ಬಾಡಿಗೆ ಹಕ್ಕು ಒಬ್ಬ ಮಗನ ಹೆಸರಿಗಾಯಿತು. ಮುಂದೆ ಕ್ರಯವೂ ಅವನ ಹೆಸರಿಗೇ. ಕ್ರಯದ ಹಣಕ್ಕೆ ಉಳಿದವರೂ ಕೈಗೂಡಿಸಿದ್ದರು. ಇಲ್ಲಿ ಕಾರಣ ತೆರಿಗೆಯಲ್ಲ, ಕಚೇರಿಯ ದಾಖಲೆಯಲ್ಲಿ ಒಂದೇ ಹೆಸರು ಇದ್ದದ್ದು. ಆ ಮಗ ಒಡಹುಟ್ಟಿದವರ ವಿಶ್ವಾಸಕ್ಕೆ ಪಾತ್ರನಾಗಿ ಆಸ್ತಿಯನ್ನು ಹಿಡಿದಿದ್ದಾನೆ, ಆದ್ದರಿಂದ ನಿಷೇಧ ಅಡ್ಡಬರದು ಎಂದು ನ್ಯಾಯಾಲಯ ಹೇಳಿತು.

ನಮ್ಮ ಅಣ್ಣನಿಗೆ ಈ ಆಸರೆ ಸಿಗುವುದೇ? ಕಷ್ಟ. 2016ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಣ್ಣತಮ್ಮಂದಿರ ವಿನಾಯಿತಿಗೆ ಪತ್ರದಲ್ಲಿ ಇಬ್ಬರ ಹೆಸರೂ ಜಂಟಿಯಾಗಿರಬೇಕು, ಹಣವೂ ತಿಳಿದ ಮೂಲದಿಂದ ಬಂದಿರಬೇಕು. ಅವನ ಠೇವಣಿಯಲ್ಲಿ ಇರುವುದು ಒಂದೇ ಹೆಸರು. "ತೆರಿಗೆ ತಪ್ಪಿಸಲು ಇಟ್ಟೆ" ಎಂದು ಅವನು ಬಾಯಿಬಿಟ್ಟರೆ ಅದೇ ಅವನ ವಿರುದ್ಧದ ಸಾಕ್ಷ್ಯ. ತಪ್ಪು ರುಜುವಾತಾದರೆ ಒಂದರಿಂದ ಏಳು ವರ್ಷದ ಕಠಿಣ ಸಜೆ, ಮಾರುಕಟ್ಟೆ ಬೆಲೆಯ ಶೇಕಡ 25ರವರೆಗೆ ದಂಡ. ಹಣವಾದರೋ ಅಣ್ಣನಿಗೂ ಇಲ್ಲ, ತಮ್ಮನ ಮಕ್ಕಳಿಗೂ ಇಲ್ಲ. ಮುಟ್ಟುಗೋಲಾಗಿ ಕೇಂದ್ರ ಸರ್ಕಾರದ ಪಾಲಾಗುತ್ತದೆ.